ಬಸವಕಲ್ಯಾಣಕ್ಕೆ ನಾನು ತಂದ ರೈಲು

ಈ ರೈಲಿಗಾಗಿ ನಾನು ಕಳೆದುಕೊಂಡದ್ದು ಹದಿನಾಲ್ಕು ಸಾವಿರ ರೂಪಾಯಿ, ಎರಡು ದಿನದ ವ್ಯಾಪಾರ, ಮತ್ತು ಇಪ್ಪತ್ತು ವರ್ಷದಿಂದ ನನ್ನೊಡನೆ ಚಹಾ ಕುಡಿಯುತ್ತಿದ್ದ ಒಬ್ಬ ಮಾಸ್ತರರ ಸ್ನೇಹ. ಕಾರಣ ಇಷ್ಟೇ: ಹಳೆಯ ಕಬ್ಬಿಣ ಮಾರುವಾಗ ಒಂದು ಮಾತು ಹೆಚ್ಚಿಗೆ ಆಡಿದ್ದೆ. ಕಬ್ಬಿಣವನ್ನು ತೂಗಿ ಕೊಟ್ಟೆ, ಮಾತನ್ನು ಪುಕ್ಕಟೆ ಕೊಟ್ಟೆ. ಪುಕ್ಕಟೆ ಕೊಟ್ಟದ್ದೇ ದುಬಾರಿಯಾಯಿತು.

ನನ್ನ ಅಂಗಡಿ ಹುಮನಾಬಾದಿನ ಹೆದ್ದಾರಿ ಬದಿಗಿದೆ. ಹಳೆಯ ಮನೆ ಕೆಡವುವವರಿಂದ ಬಾಗಿಲು, ಚೌಕಟ್ಟು, ತೊಲೆ, ಕಂಬ ಕೊಂಡು, ಹೊಸ ಮನೆ ಕಟ್ಟುವವರಿಗೆ ಮಾರುತ್ತೇನೆ. ಅಪ್ಪ ಬಿಟ್ಟುಹೋದದ್ದು ಏನೂ ಇಲ್ಲ. ಕೆಡವಿದ ಮನೆಗಳ ಮಣ್ಣಿನಲ್ಲಿ ಡೊಂಕು ಮೊಳೆ ಆರಿಸಿ, ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ, ಪಾವು ಕಿಲೋ ಲೆಕ್ಕದಲ್ಲಿ ಮಾರಿ ಶುರು ಮಾಡಿದವನು ನಾನು. ಹಾಗೆ ಶುರು ಮಾಡಿದವನಿಗೆ ಒಂದು ಗುಣ ಬರುತ್ತದೆ. ಯಾವ ವಸ್ತುವನ್ನು ನೋಡಿದರೂ ಇದನ್ನು ಇನ್ನೊಬ್ಬನಿಗೆ ಹೇಗೆ ದಾಟಿಸಲಿ ಎಂದೇ ಮೊದಲು ಹೊಳೆಯುತ್ತದೆ.

ಗಡಿಯಾಚೆ ಲಾತೂರಿನ ಕಡೆ ಸಣ್ಣ ಗಾಡಿಯ ಹಳಿ ಕಿತ್ತು ದೊಡ್ಡ ಹಳಿ ಹಾಕಿದರಲ್ಲ, ಆಗ ಅಲ್ಲಿಯ ಒಬ್ಬ ಗುಜರಿ ವ್ಯಾಪಾರಿಯ ಕೈಯಿಂದ ಒಂದು ಲಾರಿ ಹಳಿ ನನಗೆ ಸಿಕ್ಕಿತು. ಸಣ್ಣ ಗಾಡಿ ಎಂದರೆ ನ್ಯಾರೋಗೇಜ್. ಅದರ ಹಳಿಯೂ ಸಣ್ಣದು. ಹತ್ತಡಿಯ ತುಂಡನ್ನು ಇಬ್ಬರು ಹೆಗಲ ಮೇಲೆ ಹೊತ್ತು ಒಯ್ಯಬಹುದು. ದನದ ಕೊಟ್ಟಿಗೆಗೆ ತೊಲೆಯಾಗಿ ಹಾಕಿದರೆ ಮೊಮ್ಮಗನ ಕಾಲಕ್ಕೂ ಬಾಗುವುದಿಲ್ಲ. ಮಾಲು ಬಂಗಾರ, ಆದರೆ ಆರು ತಿಂಗಳು ಒಬ್ಬನೂ ಮುಟ್ಟಲಿಲ್ಲ. ಎಲ್ಲರಿಗೂ ಒಂದೇ ಅನುಮಾನ, ಕಳವಿನ ಮಾಲಿರಬಹುದು ಎಂದು. ಕೊನೆಗೆ ದುಬಲಗುಂಡಿ ಕಡೆಯ ಒಬ್ಬ ರೈತ ಬಂದು ಒಂದು ತುಂಡನ್ನು ಕಾಲಿನಿಂದ ಒದ್ದು ನೋಡಿದ.

"ಎಲ್ಲಿ ಮಾಲ್ರಿ ಇದು?"

"ನಮ್ಮ ಬಸವಕಲ್ಯಾಣದ್ದೇ ರೀ," ಎಂದೆ. "ನಿಜಾಮನ ಕಾಲದಾಗ ಕಲ್ಯಾಣದಿಂದ ಹುಮನಾಬಾದ ತನಕ ಸಣ್ಣ ಗಾಡಿ ಓಡತಿತ್ತು. ಅದರ ಪಟರಿ."

"ನಮ್ಮ ಮುತ್ಯಾ ಎಂದೂ ಹೇಳಿದ್ದಿಲ್ಲಲ್ಲ?"

"ಮುತ್ಯಾನ ಹತ್ರ ಟಿಕೀಟಿಗಿ ರೊಕ್ಕ ಇದ್ದಿದ್ದಿಲ್ಲೇನೋ."

ಅವನು ನಕ್ಕು ನಾಲ್ಕು ತುಂಡು ಕೊಂಡ. ಅದೂ ಚೌಕಾಸಿ ಮಾಡದೆ. ನಮ್ಮ ಭಾಗದಲ್ಲಿ ಚೌಕಾಸಿ ಮಾಡದೆ ಏನಾದರೂ ಕೊಂಡವನನ್ನು ನಾನು ಅಂದೇ ಮೊದಲು ನೋಡಿದ್ದು. ಆ ಮಾತಿನಲ್ಲಿ ಏನೋ ಇದೆ ಎಂದು ಗೊತ್ತಾಯಿತು. ಮುಂದಿನ ಗಿರಾಕಿಗೆ ಅದೇ ಮಾತಿಗೆ ಹತ್ತಿಯ ಗಂಟು ಸೇರಿಸಿದೆ. ಗಾಡಿಯಲ್ಲಿ ಹತ್ತಿ ಹೋಗುತ್ತಿತ್ತು ಎಂದೆ. ಅದರ ಮುಂದಿನವನಿಗೆ ಎಂಜಿನ್ನಿನ ಸೀಟಿ. ಸೀಟಿ ಕೇಳಿ ಕೋಟೆಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಗೇ ಏಳುತ್ತಿದ್ದವು ಎಂದೆ. ಪಾರಿವಾಳ ಬಂದ ಮೇಲೆ ತುಂಡಿಗೆ ನೂರು ರೂಪಾಯಿ ಏರಿತು. ಮೂರು ತಿಂಗಳಲ್ಲಿ ಲಾರಿ ಮಾಲು ಏಳು ಹಳ್ಳಿಗೆ ಹಂಚಿಹೋಯಿತು, ಹಿತ್ತಲಿನಲ್ಲಿ ಐದು ತುಂಡು ಉಳಿದವು. ನಾನು ಆ ಮಾತನ್ನು ಮರೆತೆ. ಆಡಿದವನು ಮರೆಯುತ್ತಾನೆ, ದುಡ್ಡು ಕೊಟ್ಟು ಕೇಳಿದವನು ಮರೆಯುವುದಿಲ್ಲ.

ಮುಂದೆ ಹುಮನಾಬಾದಿಗೆ ನಿಜವಾದ ರೈಲು ಬಂತು, ಬೀದರ-ಕಲಬುರಗಿ ಹಳಿಯ ಮೇಲೆ. ಬಸವಕಲ್ಯಾಣಕ್ಕೆ ಬರಲಿಲ್ಲ. ಅಷ್ಟು ಸಾಕಾಯಿತು. ನಮ್ಮ ಹುಮನಾಬಾದಿನವರು ಕಲ್ಯಾಣದ ನೆಂಟರಿಗೆ ಫೋನ್ ಮಾಡಿದಾಗ, ಬೇಕೆಂದೇ ಸ್ಟೇಷನ್ನಿನಲ್ಲಿ ನಿಂತು ಮಾತಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಲ್ಯಾಣದವರು ಏನು ಮಾಡಿಯಾರು? ಮುಂದೆ ರೈಲು ಬರಬೇಕಾದರೆ ಸಮೀಕ್ಷೆ, ಮಂಜೂರಾತಿ, ಬಜೆಟ್ಟು ಎಲ್ಲ ಬೇಕು. ಹಿಂದೆ ಬಂದಿತ್ತು ಎನ್ನಲು ಒಬ್ಬ ನಿವೃತ್ತ ಮಾಸ್ತರರು ಸಾಕು.

ಈ ಮಾಸ್ತರರು ಕಲ್ಯಾಣದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿದ್ದವರು. ಸತ್ಯವಂತರು, ಊರಿಗೆ ಬೇಕಾದವರು. ತಮ್ಮ ಮನೆಗೆ ಬಾಗಿಲು ಕೊಳ್ಳಲು ಬಂದು, ಮೂರು ದಿನ ಚೌಕಾಸಿ ಮಾಡಿ, ಕೊನೆಗೆ ಬಾಗಿಲನ್ನೂ ನನ್ನ ಸ್ನೇಹವನ್ನೂ ಒಟ್ಟಿಗೆ ಕೊಂಡವರು. ಒಂದು ದಿನ ಅವರು ಬಗಲಲ್ಲಿ ದಪ್ಪ ನೋಟಬುಕ್ ಇಟ್ಟುಕೊಂಡು ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು.

"ಸಾವ್ಕಾರ, ಪುರಾವೆ ಸಿಕ್ಕದ," ಎಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಕಲ್ಯಾಣಕ್ಕ ಸಣ್ಣ ಗಾಡಿ ಇತ್ತು! ಜನ ಮರೆತುಬಿಟ್ಟಾರ. ಏಳು ಹಳ್ಳಿ ತಿರಗೀನಿ. ಕೊಟ್ಟಿಗಿ ಕೊಟ್ಟಿಗಿದಾಗ ಪಟರಿ ಅವ, ಪಟರಿ!"

ನಾನು ಚಹಾ ತರಿಸಿದೆ. ಅವರು ನೋಟಬುಕ್ ತೆಗೆದು ಓದಿದರು. ಹತ್ತಿಯ ಗಂಟು ಬಂತು. ಸೀಟಿ ಬಂತು. ನನ್ನ ಪಾರಿವಾಳಗಳೂ ಸಾಲಾಗಿ ಬಂದು ಆ ಹಾಳೆಯ ಮೇಲೆ ಕೂತವು, ಮೂವರು ಬೇರೆ ಬೇರೆ ಹಿರಿಯರ ಹೆಸರಿನ ಮುಂದೆ. ಒಬ್ಬ ಮುದುಕನಂತೂ ತಾನು ಅದರಲ್ಲಿ ಕೂತು ಹೋಗಿದ್ದೆ, ಕಿಟಕಿಯಿಂದ ಇಣುಕಿದಾಗ ರುಮಾಲು ಹಾರಿಹೋಯಿತು ಎಂದು ಬರೆಸಿದ್ದ. ರುಮಾಲು ನನ್ನದಲ್ಲ, ಅದು ಅವನದೇ ಕೊಡುಗೆ. ಎಂದೂ ಓಡದ ರೈಲಿನಿಂದ ಅಷ್ಟು ಒಳ್ಳೆಯ ರುಮಾಲು ಹಾರಿಸಬಲ್ಲವನು ನನ್ನ ವ್ಯಾಪಾರಕ್ಕೆ ಬಂದಿದ್ದರೆ ನಾನು ಮೊಳೆ ಬಡಿಯುತ್ತಲೇ ಇರಬೇಕಾಗುತ್ತಿತ್ತು.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆ ಎಂದರೆ, ಮುಚ್ಚಿಡುವುದೇನು, ಹಿತ್ತಲಿನ ಐದು ತುಂಡು ನೆನಪಾದವು. ಇತಿಹಾಸ ಪುಸ್ತಕಕ್ಕೆ ಬಂದರೆ ಅವುಗಳ ಬೆಲೆ ಎಲ್ಲಿಗೆ ಹೋಗಬಹುದು ಎಂದು ಎಣಿಸುತ್ತ ಚಹಾ ಮುಗಿಸಿದೆ.

ಮಾಸ್ತರರಿಗೆ ಇನ್ನು ಬೇಕಾದದ್ದು ರೈಲು ಓಡಿದ ದಾರಿ. ಮಂಠಾಳದ ಕಡೆ ಒಂದು ಹಳ್ಳಿಯಲ್ಲಿ ಎತ್ತರದ ಮಣ್ಣಿನ ಒಡ್ಡು ಇದೆ, ಹೊಲಗಳ ನಡುವೆ ಅರ್ಧ ಮೈಲು ನೆಟ್ಟಗೆ ಹೋಗಿ ಸುಮ್ಮನೆ ನಿಂತುಬಿಟ್ಟಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ರೈಲು ಕಾಣದ ಜನಕ್ಕೆ ನೆಟ್ಟಗಿರುವ ಮಣ್ಣೆಲ್ಲ ರೈಲಿನ ದಾರಿಯೇ. ನನ್ನ ಪಿಕಪ್ ಗಾಡಿಯಲ್ಲಿ ಹೋದೆವು.

ಅಂಥ ಸಂಶೋಧನೆಯನ್ನು ನಾನು ಮೊದಲು ನೋಡಿರಲಿಲ್ಲ. ಮಾಸ್ತರರು ಟೇಪು ಹಿಡಿದು ಅಳೆಯುತ್ತ ಮುಂದೆ, ನಾನು ಚೀಲ ಹಿಡಿದು ಹಿಂದೆ. ಮಣ್ಣಿನಲ್ಲಿ ಟ್ರ್ಯಾಕ್ಟರಿನ ಒಂದು ನಟ್ಟು ಸಿಕ್ಕಿತು. ಎಂಜಿನ್ನಿನ ಭಾಗವೆಂದು ಚೀಲಕ್ಕೆ ಹಾಕಿಸಿದರು. ಬಟ್ಟೆ ಒಗೆಯುವ ಹಾಸುಗಲ್ಲು ಸಿಕ್ಕಿತು. ಪ್ಲಾಟ್‌ಫಾರ್ಮ್ ಎಂದು ಅದರ ಫೋಟೋ ತೆಗೆದರು. ದಿನವೂ ಗುಜರಿ ತೂಗುವವನು ನಾನು. ನಟ್ಟಿನ ಮೇಲೆ ಕಂಪನಿಯ ಗುರುತು ಕಾಣುತ್ತಿದ್ದರೂ ಸುಮ್ಮನಿದ್ದೆ. ಸ್ವಲ್ಪ ಮುಂದೆ ಹೋದರೆ ಒಡ್ಡು ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿತು. ಹೊರಳಿತು ಎಂದರೆ ನಿಧಾನವಾಗಿ ಬಾಗಿಕೊಂಡಲ್ಲ. ಮನೆಯ ಮೂಲೆಯ ಹಾಗೆ, ಕಾಟಕೋನದಲ್ಲಿ.

"ಮಾಸ್ತರ್ರೆ, ರೈಲ ಹಿಂಗ ತಿರಗತದೇನ್ರಿ?"

"ಸಣ್ಣ ಗಾಡಿ ಅಲ್ರಿ," ಎಂದು ಅವರು ತಲೆ ಎತ್ತದೆ ಬರೆದುಕೊಂಡರು. "ಸಣ್ಣದು ತಿರಗತದ."

ಆ ಮೂಲೆ ದಾಟಿದರೆ ಒಡ್ಡಿನ ಮೇಲೆ ಎಂಟು ಮನೆಗಳಿದ್ದವು, ತಗಡಿನ ಮಾಡಿನವು. ಮೊದಲ ಮನೆಯ ಮುಂದೆ ಒಬ್ಬ ಮುದುಕಿ ತೊಗರಿ ಕೇರುತ್ತಿದ್ದಳು. ಕೂಲಿ ಮಾಡಿ ಬದುಕಿದವಳು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ನೀರು ಕೊಟ್ಟಳು, ಟೇಪು ನೋಡಿದಳು.

"ಏನ ಅಳ್ಯಾಕತ್ತೀರಿ?"

ಮಾಸ್ತರರು ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, "ಆಯಿ, ನಿಮ್ಮ ಮನಿ ಎಲ್ಲದ ಗೊತ್ತೇನು? ರೈಲ್ವೆ ಸ್ಟೇಷನ್ ಮ್ಯಾಲ ಅದ," ಎಂದರು.

"ಇಲ್ಲಿ ಬಸ್ಸೇ ನಿಲ್ಲಂಗಿಲ್ಲಪ್ಪಾ. ರೈಲ ಯಾವಾಗ ನಿಂತಿತ್ತು?"

"ಭಾಳ ಹಿಂದ. ನೀವು ಹುಟ್ಟೋಕಿನ ಮೊದಲು."

"ನಾ ಹುಟ್ಟೋಕಿನ ಮೊದಲು ಈ ಒಡ್ಡೇ ಇದ್ದಿದ್ದಿಲ್ಲ," ಎಂದಳು ಮುದುಕಿ. "ದೊಡ್ಡ ಬರದಾಗ ಹಾಕೀವಿ ಇದು. ರೋಡ್ ಮಾಡತೀವಿ ಅಂದ್ರು. ನಾ ಆಗ ಹೊಸಾ ಸೊಸಿ. ಅತ್ತಿ ಅಗದು ಬುಟ್ಟಿ ತುಂಬೋದು, ನಾ ಹೊತ್ತು ಹಾಕೋದು. ಇಲ್ಲಿಗಿ ಬಂದ ಕೂಡ್ಲೆ ಹೊಲದವ್ರು ಅಡ್ಡ ನಿಂತ್ರು. ಅದಕ ಹಿಂಗ ತಿರಗಿಸಿದ್ರು. ಆಮ್ಯಾಲ ಮಳಿ ಬಂತು, ಸಾಹೇಬ ಹೋದ, ರೋಡ್ ಅಲ್ಲೇ ನಿಂತದ."

ಒಡ್ಡಿನ ಇಡೀ ಇತಿಹಾಸ ಅಷ್ಟೇ. ಹೇಳಿದವಳು ಅದನ್ನು ತಲೆಯ ಮೇಲೆ ಹೊತ್ತವಳು. ಮಾಸ್ತರರ ಪೆನ್ನು ಅಲ್ಲಾಡಲಿಲ್ಲ. "ಅದು ಆಮ್ಯಾಲಿಂದು," ಎಂದರು. "ಮೊದಲಿನ ರೈಲಿನ ದಾರಿ ಮ್ಯಾಲೇ ಇವ್ರು ಮಣ್ಣು ಹಾಕ್ಯಾರ." ರುಮಾಲು ಕಳೆದುಕೊಂಡವನಿಗೆ ಎರಡು ಪುಟ ಕೊಟ್ಟಿದ್ದ ನೋಟಬುಕ್ಕಿನಲ್ಲಿ ಮಣ್ಣು ಹೊತ್ತವಳಿಗೆ ಒಂದು ಸಾಲು ಸಿಗಲಿಲ್ಲ. ಹೊರಡುವಾಗ ಮುದುಕಿ ನನ್ನ ಗಾಡಿಯ ಹತ್ತಿರ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಚೀಟಿ ತೆಗೆದು ತೋರಿಸಿದಳು. ಮನೆಯ ಜಾಗದ ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟ ರಸೀದಿ. ಎಂಟೂ ಮನೆಗಳ ಅರ್ಜಿ ಕೊನೆಯ ಟೇಬಲ್ಲಿಗೆ ಬಂದಿದೆಯಂತೆ, ಸಾಹೇಬರ ಸಹಿ ಒಂದೇ ಬಾಕಿಯಂತೆ. "ಟೇಪ್ ಹಿಡದು ಬಂದೀರಿ ಅಂದ್ರ ಅದರದೇ ಅಳತಿ ಅಂತ ಮಾಡಿದ್ದೆ," ಎಂದಳು.

ಮಾಸ್ತರರು ಮನೆಗೆ ಹೋಗಿ ಅರ್ಜಿ ಬರೆದರು, ಚೆಂದದ ಅಕ್ಷರದಲ್ಲಿ. ಮರೆತುಹೋದ ರೈಲು ಮಾರ್ಗದ ನೆಲವನ್ನು ಗುರುತಿಸಿ ಕಾಯಬೇಕು, ಅದೇ ದಾರಿಯಲ್ಲಿ ಬಸವಕಲ್ಯಾಣಕ್ಕೆ ಹೊಸ ರೈಲು ಬರಬೇಕು ಎಂದು. ಅದರ ಒಂದೊಂದು ಪ್ರತಿಯನ್ನು ಎಲ್ಲ ಕಚೇರಿಗೂ ಕಳಿಸಿದರು, ಮೊಬೈಲಿನಲ್ಲೂ ಹಂಚಿದರು. ರೈಲು ತರಿಸುವ ವಿಷಯದಲ್ಲಿ ಆ ಅರ್ಜಿಯಿಂದ ಏನೂ ಆಗಲಿಲ್ಲ. ಆದರೆ ಹಕ್ಕುಪತ್ರದ ಕಡತ ಅಂದೇ ನಿಂತಿತು. ರೈಲ್ವೆ ಜಾಗ ಎಂದು ತಕರಾರು ಬಂದಿದೆ, ಅದು ಬಗೆಹರಿಯದೆ ಸಹಿ ಇಲ್ಲ ಎಂದರಂತೆ. ಒಂದು ಎಂಜಿನ್ನೂ ಇಲ್ಲದ ರೈಲು ಎಂಟು ಮನೆಗೆ ಗುದ್ದಿತ್ತು.

ನನಗೆ ಇದು ತಿಳಿದದ್ದು ಮುದುಕಿಯ ಬಾಯಿಂದಲೇ. ಎರಡು ಬಸ್ಸು ಬದಲಿಸಿ, ನನ್ನ ಗಾಡಿಯ ಮೇಲೆ ಕಂಡ ಅಂಗಡಿಯ ಹೆಸರನ್ನು ಯಾರಿಂದಲೋ ಓದಿಸಿ ನೆನಪಿಟ್ಟು, ಕೇಳುತ್ತ ಕೇಳುತ್ತ ಬಂದಿದ್ದಳು. ನನ್ನಿಂದ ಮಾಸ್ತರರಿಗೆ ನಾಲ್ಕು ಮಾತು ಹೇಳಿಸಲು ಬಂದವಳು. ನೀರು ಕುಡಿಯಲು ಹಿತ್ತಲಿಗೆ ಹೋದಳು. ಅಲ್ಲಿಂದ ಬಹಳ ಹೊತ್ತು ಬರಲಿಲ್ಲ. ನೋಡಿದರೆ ಆ ಐದು ತುಂಡಿನ ಮುಂದೆ ನಿಂತಿದ್ದಾಳೆ.

"ಇವೇ ಪಟರಿ ನಮ್ಮ ಅಳಿಯಾ ಕೊಟ್ಟಿಗಿಗಿ ತಂದಿದ್ದ," ಎಂದಳು. "ಹುಮನಾಬಾದ ರೋಡಿನ ಅಂಗಡಿದಾಗ ಅಂದಿದ್ದ. ಕಲ್ಯಾಣದ ರೈಲಿಂದು ಅಂತ ಅವನೂ ಹೇಳತಿದ್ದ. ಅಂದ್ರ ಈ ರೈಲ ನಿಮ್ಮ ಅಂಗಡಿದಾಗ ಹುಟ್ಟೇದ, ಹೌದಲ್ರಿ ಸಾವ್ಕಾರ?"

ಹೌದು ಎಂದು ತಲೆಯಾಡಿಸಿದೆ.

"ಮಾರಿದವ್ರು ನೀವು. ವಾಪಸ್ ತಗೋರಿ."

ಮಾರಿದ ಮಾಲು ವಾಪಸ್ ಇಲ್ಲ ಎಂದು ನನ್ನ ಅಂಗಡಿಯ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದೇನೆ. ಅದು ಅವಳ ಬೆನ್ನ ಹಿಂದೆಯೇ ಇತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ, ನನಗೆ ಓದಿ ಹೇಳಲು ಬಾಯಿ ಬರಲಿಲ್ಲ.

ಆ ವಾರವೇ ಕಲ್ಯಾಣದಲ್ಲಿ ಮಾಸ್ತರರ ಸಭೆಯಿತ್ತು. ಒಂದು ಶಾಲೆಯ ಸಭಾಂಗಣದಲ್ಲಿ ರೈಲು ಹೋರಾಟದ ಸಮಿತಿ ಮಾಡುವ ಸಭೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಟ್ರ್ಯಾಕ್ಟರಿನ ನಟ್ಟಿಗೆ ಕುಂಕುಮ ಹಚ್ಚಿ ಇಟ್ಟಿದ್ದರು. ಎರಡು ಭಾಷಣವಾದ ಮೇಲೆ ನಾನು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಹಳಿ ಲಾತೂರಿನ ಕಡೆಯದು, ತಂದವನು ನಾನು, ಕಲ್ಯಾಣದ ಗಾಡಿ ಎಂದದ್ದು ಮಾಲು ಹೋಗಲಿ ಎಂದು.

ಸುಳ್ಳು ಹೇಳಿದಾಗ ಏಳು ಹಳ್ಳಿ ನಂಬಿದ್ದವು. ಖರೆ ಹೇಳಿದರೆ ಒಂದು ಸಭೆಯ ಜನ ನಂಬಲಿಲ್ಲ.

"ಇವ್ರಿಗಿ ಹುಮನಾಬಾದದವ್ರು ಕಲಿಸಿ ಕಳಿಸ್ಯಾರ," ಎಂದ ಹಿಂದಿನ ಸಾಲಿನವನು. "ತಮ್ಮೂರಿಗಿ ಬಂದದ, ನಮ್ಮೂರಿಗಿ ಬ್ಯಾಡ ಅಂತ."

"ಅಲ್ಲೋ, ಗುಜರಿಯವ ಇದ್ದಾನ. ಹಿಂಗಂದು ಪಟರಿ ಅಗ್ಗದಾಗ ವಾಪಸ್ ಹೊಡ್ಯಾವ ಇದ್ದಾನ!"

ರುಮಾಲಿನ ಮುದುಕ ಕೋಲೂರಿ ಎದ್ದೇಬಿಟ್ಟ. "ನಾ ಕೂತು ಹೋಗೀನಿ! ನೀ ಆಗ ಹುಟ್ಟಿದ್ದೇನಲೇ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಚಪ್ಪಾಳೆ ತಟ್ಟದೆ ಕೂತವರು ಮಾಸ್ತರರೊಬ್ಬರೇ. ಅವರು ನೋಟಬುಕ್ಕಿನ ಹಾಳೆ ತಿರುಗಿಸುತ್ತಿದ್ದರು. ನಾನು ಹೊರಗೆ ಬಂದಾಗ ಹಿಂದೆಯೇ ಬಂದರು.

"ಪಾರಿವಾಳಾನೂ?" ಎಂದು ಮೆಲ್ಲಗೆ ಕೇಳಿದರು.

"ಪಾರಿವಾಳಾನೂ ನಂದೇ, ಮಾಸ್ತರ್ರೆ."

ಅವರು ಬೈಯಲಿಲ್ಲ. ಬೈದಿದ್ದರೆ ಅಷ್ಟಕ್ಕೆ ಚುಕ್ತಾ ಆಗುತ್ತಿತ್ತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಒಳಗೆ ಹೋದರು.

ಮರುದಿನ ಹಕ್ಕುಪತ್ರದ ಕಚೇರಿಗೆ ಹೋಗಿ ಕೇಳಿದೆ. ಬಾಯಿಮಾತು ನಡೆಯುವುದಿಲ್ಲ ಎಂದರು. ನಾನು ಬಾಂಡ್ ಪೇಪರಿನ ಮೇಲೆ ಬರೆದುಕೊಡಬೇಕು, ಅರ್ಜಿ ಕೊಟ್ಟ ಮಾಸ್ತರರು ಅದನ್ನು ವಾಪಸ್ ಪಡೆಯಬೇಕು. ಬಾಂಡು ಬರೆಸುವುದು ಅರ್ಧ ತಾಸಿನ ಕೆಲಸ. ಮಾಸ್ತರರ ಸಹಿಗೆ ಅವರ ಮನೆಗೆ ಹೋದೆ. ಬಾಗಿಲು ತೆರೆದರು, ಒಳಗೆ ಬನ್ನಿ ಎನ್ನಲಿಲ್ಲ. ಅದು ನಾನೇ ಮಾರಿದ ಬಾಗಿಲು.

ಚೌಕಾಸಿ ಮಾಡಿ ನೋಡಿದೆ. ಸಮಿತಿಗೆ ಚಂದಾ ಕೊಡುತ್ತೇನೆ ಎಂದೆ. ಹೊಸ ರೈಲು ಬೇಕೆಂದು ಬೇರೆ ಅರ್ಜಿ ಹಾಕೋಣ, ಮೊದಲ ಸಹಿ ನನ್ನದು ಎಂದೆ. ಅವರು ಎಲ್ಲ ಕೇಳಿ ಒಂದೇ ಬೆಲೆ ಹೇಳಿದರು.

"ಸಹಿ ಹಾಕ್ತೀನಿ. ಆದ್ರ ಏಳೂ ಹಳ್ಳಿಗಿ ನನ್ನ ಸಂಗಾಟ ಬರಬೇಕು. ಯಾರಿಗೇನು ಹೇಳಿ ಮಾರೀರಿ, ಅವ್ರ ಮುಂದೇ ನಿಂತು ಹೇಳಬೇಕು. ನಾ ಬರಕೋತೀನಿ."

"ಮಾಸ್ತರ್ರೆ, ಅಷ್ಟು ಯಾಕ್ರಿ? ಸಹಿ ಆದ್ರ ಸಾಕಲ್ಲ?"

"ನಲವತ್ತು ವರ್ಷ ಮಕ್ಕಳಿಗಿ ತಪ್ಪು ತಿದ್ದೀನಿ. ನನ್ನ ನೋಟಬುಕ್ ನಾನೇ ತಿದ್ದಬ್ಯಾಡೇನು?"

ಒಂದು ಪೈಸೆ ಇಳಿಸಲಿಲ್ಲ. ಜೀವಮಾನದಲ್ಲಿ ಮಾರುವವರು ಹೇಳಿದ ಬೆಲೆಗೇ ನಾನು ಕೊಂಡ ಮಾಲು ಅದೊಂದೇ.

ಎರಡು ದಿನ ಅಂಗಡಿ ಮುಚ್ಚಿ ತಿರುಗಿದೆವು. ಗಾಡಿಯಲ್ಲಿ ಮಾಸ್ತರರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಹಳ್ಳಿ ಬಂದಾಗ ಇಳಿದು, ನೋಟಬುಕ್ ತೆರೆದು, ನನ್ನತ್ತ ನೋಡುತ್ತಿದ್ದರು; ನಾನು ಹೇಳುತ್ತಿದ್ದೆ. ಕೊಂಡವರಲ್ಲಿ ಕೆಲವರು ನಕ್ಕರು, ಚಹಾ ಕೊಟ್ಟರು. ಮಿಕ್ಕವರು ನಿಜಾಮನ ಹೆಸರಿಗೆ ಕೊಟ್ಟ ಹೆಚ್ಚಿನ ಹಣ ವಾಪಸ್ ಕೇಳಿದರು. ಕೊಟ್ಟೆ. ಒಬ್ಬನಂತೂ ಇಷ್ಟು ವರ್ಷ ಊರಿಗೆಲ್ಲ ರೈಲಿನ ಕೊಟ್ಟಿಗೆ ಎಂದು ತೋರಿಸಿ ಈಗ ಹೋದ ಮರ್ಯಾದೆಗೂ ಬೇರೆ ಹಣ ಕೇಳಿದ. ಅದಕ್ಕೂ ಸ್ವಲ್ಪ ಕೊಟ್ಟೆ, ಅರ್ಧಕ್ಕೆ ಇಳಿಸಿ. ರುಮಾಲಿನ ಮುದುಕ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. "ನಿನ್ನ ಪಟರಿ ಸುಳ್ಳ ಇರಬೌದು. ನನ್ನ ರುಮಾಲು ಖರೆ," ಎಂದ. ಮಾಸ್ತರರು ಅದನ್ನೂ ಬರೆದುಕೊಂಡರು.

ಕೊನೆಗೆ ಒಡ್ಡಿನ ಹಳ್ಳಿ. ಮಾಸ್ತರರು ಮುದುಕಿಯ ಅಂಗಳದಲ್ಲಿ ಕೂತು ಹೊಸ ಹಾಳೆ ತಿರುಗಿಸಿ, "ಆಯಿ, ಆ ಮಣ್ಣು ಹೊತ್ತಿದ್ದು ಮೊದಲಿಂದ ಹೇಳ್ರಿ," ಎಂದರು.

ಅವಳು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಎದ್ದಳು. "ಅವತ್ತು ಹೇಳಿದ್ದೆ, ಬರೀಲಿಲ್ಲ. ಈಗ ಪುರಸೊತ್ತಿಲ್ಲ. ಕೂಲಿ ಹೋಗ್ತದ. ಕಾಗದ ಆದ ಮ್ಯಾಲ ಬರ್ರಿ, ಬೇಕಾದಷ್ಟು ಹೇಳ್ತೀನಿ."

ಮಾಸ್ತರರು ಅಲ್ಲೇ, ಅವಳ ಕಟ್ಟೆಯ ಮೇಲೆ ಕೂತು, ಅರ್ಜಿ ವಾಪಸ್ ಪಡೆಯುವ ಕಾಗದಕ್ಕೆ ಸಹಿ ಹಾಕಿದರು. ಕಚೇರಿಯವರು ರೈಲಿನ ತಕರಾರು ತೆಗೆದಿದ್ದಾರೆ. ಕಡತ ಮತ್ತೆ ಅದೇ ಕೊನೆಯ ಟೇಬಲ್ಲಿಗೆ ಬಂದಿದೆ. ನಾನು ಇದನ್ನು ಬರೆಯುವ ಹೊತ್ತಿಗೆ ಸಹಿ ಆಗಿಲ್ಲ. ವಾರಕ್ಕೊಮ್ಮೆ ಹೋಗಿ ಕೇಳಿ ಬರುತ್ತೇನೆ. ಮಾಸ್ತರರೂ ಹೋಗುತ್ತಾರೆ, ಬೇರೆ ದಿನ.

ಈಗ ನಿಮಗೆ ಎರಡು ಮಾತು. ನೀವೂ ಮರೆತುಹೋದ ಹಳಿ ಹುಡುಕುವ ಹುಚ್ಚಿನವರಾದರೆ, ಬೇಡ ಎನ್ನುವುದಿಲ್ಲ. ಅಲ್ಲಿ ಇಲ್ಲಿ ಖರೆ ಹಳಿಗಳೂ ಇವೆ. ಆದರೆ ಹಳಿಯ ತುಂಡು ಸಿಕ್ಕ ಕೂಡಲೇ ರೈಲು ಸಿಕ್ಕಿತು ಎನ್ನಬೇಡಿ, ಅದು ಯಾವ ಅಂಗಡಿಯಿಂದ ಬಂತು ಎಂದು ಮೊದಲು ಕೇಳಿ. ಕಬ್ಬಿಣ ಲಾರಿ ಹತ್ತುತ್ತದೆ, ಒಡ್ಡು ಹತ್ತುವುದಿಲ್ಲ. ಆದ್ದರಿಂದ ಹಳ್ಳಿಯ ಹಳೆಯ ನಕಾಶೆಯ ಪ್ರತಿ ತೆಗೆಸಿ, ದಾರಿ ಅದರಲ್ಲಿ ಇದೆಯೇ ನೋಡಿ. ಮೂಲೆ ತಿರುಗಿದ ಒಡ್ಡಿಗೆ ಟೇಪು ಹಿಡಿದು ಪುರಸೊತ್ತು ಹಾಳು ಮಾಡಿಕೊಳ್ಳಬೇಡಿ. ಕೂತು ಹೋದೆ ಎನ್ನುವವನ ಮಾತನ್ನು ಆಮೇಲೆ ಬರೆದುಕೊಳ್ಳಿ, ಹೊತ್ತು ಹಾಕಿದೆ ಎನ್ನುವವರ ಮಾತನ್ನು ಅಂದೇ ಬರೆದುಕೊಳ್ಳಿ, ಅವರ ಕೂಲಿ ತಪ್ಪದ ಹೊತ್ತಿನಲ್ಲಿ. ಯಾವ ಅರ್ಜಿ ಹಾಕುವ ಮೊದಲೂ ಆ ನೆಲದ ಮೇಲೆ ಯಾರ ಒಲೆ ಉರಿಯುತ್ತಿದೆ ಎಂದು ಒಂದು ಸುತ್ತು ಹಾಕಿ ಬನ್ನಿ. ಇನ್ನು ನೀವೇ ಅಂಥ ಒಡ್ಡಿನ ಮೇಲೆ ಇರುವವರಾದರೆ, ಇವತ್ತೇ ಹೋಗಿ ಹಕ್ಕುಪತ್ರದ ಅರ್ಜಿ ಎಲ್ಲಿಯವರೆಗೆ ಬಂದಿದೆ ಕೇಳಿ. ಕಡತದ ನಂಬರು ಬರೆದುಕೊಂಡು ಬನ್ನಿ. ರಸೀದಿಯ ಝೆರಾಕ್ಸ್ ಮೂರು ತೆಗೆಸಿ: ಒಂದು ಮನೆಯಲ್ಲಿ, ಒಂದು ಮಗಳ ಮನೆಯಲ್ಲಿ, ಒಂದು ಕೈಯಲ್ಲಿ. ಮೂಲ ಕಾಗದವನ್ನು ಯಾರು ಎಷ್ಟೇ ಮರ್ಯಾದೆಯಿಂದ ಕೇಳಿದರೂ, ನೋಡಿ ಕೊಡುತ್ತೇನೆ ಎಂದರೂ, ಕೈಗೆ ಕೊಡಬೇಡಿ. ನೀವೇ ಹಿಡಿದುಕೊಂಡು ತೋರಿಸಿ.